ವಿಡಿಯೋದಲ್ಲಿ ಬಾರದ ಕೋಣೆ

ಎಂಟು ಗಂಟೆಗೆ ಬರಬೇಕಾದ ಲಾರಿ ಒಂಬತ್ತೂವರೆಯಾದರೂ ಬಂದಿರಲಿಲ್ಲ. ಟೈಲರಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು, ಕೊರಳಲ್ಲಿ ಜೋತಾಡುತ್ತಿದ್ದ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಬೀದಿಯ ಆ ತುದಿಯನ್ನೇ ನೋಡುತ್ತಿದ್ದಳು. ಮನೆ ಖಾಲಿ ಮಾಡುವ ದಿನವೂ ಆ ಟೇಪು ಕೊರಳಿನಿಂದ ಇಳಿದಿರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಅದು. ಅದೂ ಅಲ್ಲದೆ, ಕೋಪ ಬಂದಾಗ ಕೈಗೆ ಏನಾದರೂ ಬೇಕಲ್ಲ.

ಕೋಪಕ್ಕೆ ಕಾರಣವೂ ಇತ್ತು ಅನ್ನಿ. ಒಂದು ದೊಡ್ಡ ಆಸ್ಪತ್ರೆಯವರು ನಲವತ್ತು ಬಿಳಿ ಕೋಟು ಹೊಲಿಯಲು ಕೊಟ್ಟಿದ್ದರು. ಹದಿನಾಲ್ಕು ಇನ್ನೂ ಬಾಕಿ. ನಾಳೆ ಮಧ್ಯಾಹ್ನಕ್ಕೆ ಎಲ್ಲ ಒಪ್ಪಿಸಿದರೆ ವರ್ಷವಿಡೀ ಅವರ ಕೆಲಸ ಇವಳಿಗೇ. ತಪ್ಪಿದರೆ ಬೇರೆಯವರು ಕಾದು ಕುಳಿತಿದ್ದಾರೆ. ಅಂದರೆ ಇವತ್ತು ಮೂರು ಗಂಟೆಯೊಳಗೆ ಹೊಸ ಮನೆಯಲ್ಲಿ ಮಷೀನು ಓಡಲೇಬೇಕಿತ್ತು.

"ಅಷ್ಟು ಕಡಿಮೆಗೆ ಒಪ್ಪಿಸಿದ್ದೀಯಲ್ಲ ಅಕ್ಕ, ಅದಕ್ಕೇ ಬರ್ತಿಲ್ವೇನೋ," ಅಂದಳು ತಂಗಿ. ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತಲು ಬೆಳಗ್ಗೆಯೇ ಬಂದಿದ್ದಳು.

"ಬರದೆ ಎಲ್ಲಿ ಹೋಗ್ತಾರೆ? ಅಡ್ವಾನ್ಸ್ ಕೊಟ್ಟಿಲ್ವಾ?"

ಆ ಕಡಿಮೆ ರೇಟಿನ ಕಥೆ ಅಕ್ಕ ತಂಗಿ ಇಬ್ಬರಿಗೂ ನಗುವ ಕಥೆ. ಸಾಮಾನು ಸಾಗಿಸುವ ಮೂರು ಕಂಪನಿಗಳಿಗೆ ಫೋನ್ ಮಾಡಿದ್ದರು. ಇಬ್ಬರು ಮನೆಗೆ ಬಂದು, ಮೆಟ್ಟಿಲು ಎಣಿಸಿ, ಮಷೀನುಗಳನ್ನು ಅಲುಗಾಡಿಸಿ ನೋಡಿ, ಎದೆ ಧಸಕ್ಕೆನ್ನುವಂಥ ದರ ಹೇಳಿ ಹೋದರು. ಮೂರನೆಯವನದು ಜೇನಿನಂಥ ಮಾತು. "ನಾವು ಬರೋದೇನೂ ಬೇಡ ಮೇಡಂ, ಮನೆದೊಂದು ವಿಡಿಯೋ ಕಳಿಸಿ ಸಾಕು," ಅಂದ. ಟೈಲರಮ್ಮ ಕೆಲಸದ ಕೋಣೆಯ ಬಾಗಿಲು ಮುಚ್ಚಿ, ಅದರ ಮೇಲೆ ಒಂದು ಬೆಡ್‌ಶೀಟು ತೂಗುಬಿಟ್ಟಳು. ತಂಗಿ ಫೋನು ಹಿಡಿದು ಹಾಲ್, ಅಡುಗೆಮನೆ, ಮಲಗುವ ಕೋಣೆ ಎಲ್ಲ ತೋರಿಸಿದಳು, ಬೆಡ್‌ಶೀಟಿನ ಮುಂದೆ ಮಾತ್ರ ಸರಕ್ಕನೆ ತಿರುಗಿಸಿಬಿಟ್ಟಳು. ಮಹಡಿ ಎಷ್ಟನೆಯದು ಎಂದು ಕೇಳಿದ್ದಕ್ಕೆ ಟೈಲರಮ್ಮ ಕಣ್ಣು ಮಿಟುಕಿಸದೆ "ಮೊದಲನೇದು" ಅಂದಳು. ದರ ಅರ್ಧಕ್ಕೆ ಇಳಿಯಿತು. ಅಕ್ಕ ಕತ್ತರಿ ಹಾಕೋದು ಬಟ್ಟೆಗೆ ಮಾತ್ರ ಅಲ್ಲ ಎಂದು ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಕೊನೆಗೂ ಲಾರಿ ಬಂತು. ಡ್ರೈವರು ಸೀಟು ಬಿಟ್ಟು ಇಳಿಯಲಿಲ್ಲ. ಮೇಲೆ ಹತ್ತಿ ಬಂದವರು ಇಬ್ಬರೇ. ಒಬ್ಬ ಐವತ್ತೈದು ದಾಟಿದ ಮೇಸ್ತ್ರಿ, ಇನ್ನೊಬ್ಬ ಅವನ ಮಗಳ ಗಂಡ.

"ಇಷ್ಟು ಸಾಮಾನಿಗೆ ಇಬ್ರೇನಾ?" ಟೈಲರಮ್ಮ ಬಾಗಿಲಲ್ಲೇ ರೇಗಿದಳು.

"ಆಫೀಸಿನವ್ರು ಚೀಟಿ ಓದಿ ಹೇಳಿದ ಸಾಮಾನಿಗೆ ಇಬ್ರು ಸಾಕು ತಾಯಿ," ಎನ್ನುತ್ತ ಮೇಸ್ತ್ರಿ ಒಳಗೆ ಬಂದ. ಕೆಲಸದ ಕೋಣೆಯ ಹೊಸ್ತಿಲಲ್ಲಿ ಅವನ ಕಾಲು ನಿಂತುಬಿಟ್ಟಿತು. ಕಬ್ಬಿಣದ ಸ್ಟ್ಯಾಂಡಿನ ನಾಲ್ಕು ಮಷೀನು, ಬಟ್ಟೆ ಕತ್ತರಿಸುವ ಎಂಟಡಿ ಉದ್ದದ ಗಟ್ಟಿಮರದ ಮೇಜು, ಗೋಡೆಯುದ್ದಕ್ಕೂ ಬಟ್ಟೆಯ ಸುರುಳಿಗಳು. ಅವನು ಜೇಬಿನಿಂದ ಫೋನು ತೆಗೆದ. "ಇದ್ಯಾವುದೂ ಚೀಟೀಲಿಲ್ಲ ತಾಯಿ. ಆಫೀಸಿಗೆ ಒಂದು ಮಾತು ಹೇಳ್ಬೇಕು. ಇನ್ನಿಬ್ರನ್ನ ಕಳಿಸ್ತಾರೆ."

ಇನ್ನಿಬ್ಬರು ಬರುವುದೆಂದರೆ ಇನ್ನೆರಡು ಗಂಟೆ, ಇನ್ನಷ್ಟು ದುಡ್ಡು. ಟೈಲರಮ್ಮನ ಬಾಯಿಗೆ ಆ ಮಾತು ತಾನಾಗಿ ಬಂತು.

"ಫೋನೇನೂ ಬೇಡ. ನಿಮ್ಮ ಆಫೀಸಿಗೆ ನಾನೇ ಎಲ್ಲ ಹೇಳಿದ್ದೀನಿ. ಅವ್ರು ಚೀಟೀಲಿ ಬರೀದಿದ್ರೆ ನಾನೇನು ಮಾಡ್ಲಿ? ಬಂದಿದ್ದೇ ಲೇಟು. ಇನ್ನೂ ಹೊತ್ತು ಮಾಡಿದ್ರೆ ನಾನೇ ಫೋನ್ ಮಾಡಿ ನಿಮ್ಮ ಮೇಲೆ ಕಂಪ್ಲೇಂಟ್ ಕೊಡ್ತೀನಿ, ನೋಡಿ."

ಮೇಸ್ತ್ರಿ ಅವಳ ಮುಖ ನೋಡಿದ, ಅಳಿಯನ ಮುಖ ನೋಡಿದ. ಫೋನು ಮತ್ತೆ ಜೇಬಿಗೆ ಹೋಯಿತು.

"ನೀವು ಹೇಳಿದ್ರೆ ಆಯ್ತು ತಾಯಿ. ನಿಮ್ಮ ಮಾತೇ ಸಾಕು," ಎಂದು ತೋಳು ಮೇಲಕ್ಕೆ ಮಡಿಸಿದ.

ಐವತ್ತೆಂಟು ಮೆಟ್ಟಿಲು. ಲಿಫ್ಟಿಲ್ಲ. ಮಷೀನುಗಳನ್ನು ಒಂದೊಂದಾಗಿ ಇಳಿಸುವಷ್ಟರಲ್ಲಿ ಇಬ್ಬರ ಅಂಗಿಯೂ ಬೆನ್ನಿಗೆ ಅಂಟಿತ್ತು. ಮೇಸ್ತ್ರಿ ಮೂರು ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ, ಅಳಿಯ "ಮಾವ, ಭಾರ ಎಲ್ಲ ನನ್ನ ಕಡೆ ಬಿಡಿ" ಅನ್ನುತ್ತಿದ್ದ. ಟೈಲರಮ್ಮ ಮೇಲಿನಿಂದ ಬಗ್ಗಿ ನೋಡುತ್ತ, ಚಕ್ರ ಗೋಡೆಗೆ ತಾಗಿಸಬೇಡಿ, ಬೆಲ್ಟು ಹಿಡಿದು ಎಳೀಬೇಡಿ ಎಂದು ಒಂದೇ ಸಮ ವಟಗುಟ್ಟುತ್ತಿದ್ದಳು. ಕೊನೆಗೆ ಮೇಜು. ಅದು ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಅತ್ತ ಇತ್ತ ಆಡಿಸುವಾಗ ಅಳಿಯನ ಕೈ ಮೇಜಿಗೂ ಗೋಡೆಗೂ ನಡುವೆ ಸಿಕ್ಕಿ, ಬೆರಳ ಗೆಣ್ಣುಗಳ ಚರ್ಮ ಸುಲಿದುಹೋಯಿತು. ಅವನು ಹಲ್ಲು ಕಚ್ಚಿ ನರಳಿದ.

"ಮೇಜಿಗೇನಾಯ್ತು?" ಟೈಲರಮ್ಮ ಮೇಲಿನಿಂದ ಕೇಳಿದಳು.

ಅಳಿಯ ತಲೆಯೆತ್ತಿ ಅವಳನ್ನು ನೋಡಿದ. ಮೆಟ್ಟಿಲ ಮೇಲೆ ಬಿದ್ದಿದ್ದ ಕೋಟಿನ ಬಟ್ಟೆಯ ಚೂರೊಂದನ್ನು ಕೈಗೆ ಸುತ್ತಿಕೊಂಡು ಮತ್ತೆ ಮೇಜಿಗೆ ಹೆಗಲು ಕೊಟ್ಟ.

ಹೊಸ ಮನೆ ನೆಲಮಹಡಿ, ಬೀದಿಗೆ ಅಂಗಡಿಯ ಬಾಗಿಲು. ಲಾರಿ ಅಲ್ಲಿ ಬಂದು ನಿಂತಾಗ ಎರಡು ಗಂಟೆ. ಟೈಲರಮ್ಮ ಶಟರ್ ಎತ್ತಿ, ಪ್ಲಗ್ಗು ಎಲ್ಲಿದೆ ಎಂದು ನೋಡಿ, ಹೊರಗೆ ಬಂದರೆ ಲಾರಿಯ ಹಿಂಬಾಗಿಲು ಹಾಗೇ ಮುಚ್ಚಿತ್ತು. ಡ್ರೈವರು ಅದಕ್ಕೆ ಒರಗಿ ನಿಂತಿದ್ದ.

"ಬಾಕಿ ಕಟ್ಟೋ ತನಕ ತೆಗೆಯೋ ಹಾಗಿಲ್ಲ ಅಂತ ಆಫೀಸಿನವ್ರು ಹೇಳಿದ್ದಾರೆ," ಎಂದು ಮೊಬೈಲು ತೋರಿಸಿದ. ಲೋಡಾದ ಲಾರಿಯ ಫೋಟೋ ಕಳಿಸುವುದು ಅವನ ಕೆಲಸ. ಫೋಟೋ ನೋಡಿ ಆಫೀಸಿನವರು ಹೊಸ ಮೊತ್ತ ಕಳಿಸಿದ್ದರು. ಒಪ್ಪಿದ್ದಕ್ಕಿಂತ ಎರಡೂವರೆ ಪಟ್ಟು.

ಟೈಲರಮ್ಮನ ಮೈಯೆಲ್ಲ ಉರಿಯಿತು. ಒಳಗೆ ಅವಳ ಮಷೀನು, ಹೊರಗೆ ಅವಳು, ನಡುವೆ ಒಂದು ಚಿಲಕ. ಫೋನು ತೆಗೆದು, ಬೀದಿಗೆಲ್ಲ ಕೇಳಲಿ ಎಂದೇ ಸ್ಪೀಕರಿಗೆ ಹಾಕಿದಳು.

"ಏನ್ರೀ, ಹಾಡಹಗಲೇ ದರೋಡೆ ಮಾಡ್ತಿದ್ದೀರಾ? ಮಾತು ಒಂದು, ಕೃತಿ ಒಂದು?"

"ಮೇಡಂ, ಮೇಡಂ, ಸಮಾಧಾನ," ಅದೇ ಜೇನಿನ ದನಿ. "ವಿಡಿಯೋಲಿ ಈ ಮಷೀನೆಲ್ಲ ಇರ್ಲಿಲ್ಲ. ಮೊದಲನೇ ಮಹಡಿ ಅಂದಿದ್ರಿ, ಮೂರನೇದಂತೆ."

"ಒಂದು ಪೈಸೆ ಜಾಸ್ತಿ ಕೊಡಲ್ಲ. ಪೊಲೀಸರನ್ನ ಕರೀತೀನಿ."

ಆ ಕಡೆ ಕೀಬೋರ್ಡು ಟಕಟಕ ಅಂದಿತು. "ಆಯ್ತು ಬಿಡಿ ಮೇಡಂ. ನಿಮಗ್ಯಾಕೆ ತೊಂದ್ರೆ? ಚೀಟೀಲಿ ಇಲ್ದಿರೋ ಸಾಮಾನು ಕಂಡ್ರೆ ಲೋಡ್ ಮಾಡೋಕೆ ಮುಂಚೆ ನಮಗೆ ಹೇಳೋದು ಮೇಸ್ತ್ರಿ ಕೆಲಸ. ಅವನು ಹೇಳ್ಲಿಲ್ಲ. ಅವರಿಬ್ರ ಕೂಲೀಲಿ ಹಿಡ್ಕೋತೀವಿ. ನೀವೇನೂ ಜಾಸ್ತಿ ಕೊಡ್ಬೇಡಿ. ಡ್ರೈವರಿಗೆ ಹೇಳಿ, ಬಾಗಿಲು ತೆಗೀಲಿ."

ಮೇಸ್ತ್ರಿ ಎರಡು ಮಾರು ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಈಗ ಬಾಯಿ ಬಿಡುತ್ತಾನೆ, ಹೇಳಿಬಿಡುತ್ತಾನೆ ಎಂದು ಟೈಲರಮ್ಮ ಕಾದಳು. ಅವನು ಒಮ್ಮೆ ಅವಳ ಕಡೆ ನೋಡಿದ, ಅಷ್ಟೇ. ಆಮೇಲೆ ಹೋಗಿ ತಾನೇ ಚಿಲಕ ಎಳೆದ.

"ಗೆದ್ದುಬಿಟ್ಟೆ ಅಕ್ಕ," ತಂಗಿ ಕಿವಿಯಲ್ಲಿ ಪಿಸುಗುಟ್ಟಿದಳು.

ಗೆದ್ದಿದ್ದಳು, ನಿಜ. ಮಷೀನುಗಳು ಒಂದೊಂದಾಗಿ ಒಳಗೆ ಬಂದವು. ಅಳಿಯ ಕೈಗೆ ಸುತ್ತಿದ್ದ ಬಿಳಿ ಚೂರು ಅರ್ಧ ಕೆಂಪಾಗಿತ್ತು. ಟೈಲರಮ್ಮ ಮೊದಲನೇ ಮಷೀನಿಗೆ ದಾರ ಪೋಣಿಸಲು ಕುಳಿತಳು. ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದು. ಇಪ್ಪತ್ತೆರಡು ವರ್ಷದಲ್ಲಿ ಹೀಗಾಗಿದ್ದಿಲ್ಲ.

"ಎಷ್ಟು ಹಿಡ್ಕೋತಾರಪ್ಪಾ?" ತಲೆಯೆತ್ತದೆ ಅಳಿಯನನ್ನು ಕೇಳಿದಳು.

"ನಮ್ಮಿಬ್ರದು ಸೇರಿ ಹತ್ತು ದಿನದ್ದು ಹೋಗುತ್ತೆ ಅಮ್ಮ."

"ಫೋನ್ ಬೇಡ ಅಂದವಳು ನಾನೇ ಅಂತ ನಿಮ್ಮ ಮಾವ ಆಫೀಸಿಗೆ ಯಾಕೆ ಹೇಳ್ಲಿಲ್ಲ?"

"ಗಿರಾಕಿ ಸುಳ್ಳು ಹೇಳಿದ್ರು ಅಂದ್ರೆ ನಂಬ್ತಾರಾ ಅಮ್ಮ? ಕೂಲಿ ಜೊತೆಗೆ ಕೆಲಸಾನೂ ಹೋಗುತ್ತೆ." ಹಾಗೆಂದು ಅವನು ಲಾರಿಗೆ ಹೋಗಿ ಕೊನೆಯ ಸಾಮಾನು ತಂದ. ಅವಳ ಅಂಗಡಿಯ ಹಲಗೆ. ತಿರುಗಿಸಿ ನೋಡಿ, ನಿಧಾನವಾಗಿ ಓದಿದ. "ಇಲ್ಲಿ ಚೌಕಾಸಿ ಇಲ್ಲ. ಕೈಕೆಲಸಕ್ಕೆ ಬೆಲೆ ಇದೆ. ಇದನ್ನ ಎಲ್ಲಿ ಹಾಕ್ಲಿ ಅಮ್ಮ?"

ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಬೈದು ಬಾಯಿ ಮುಚ್ಚಿಸಬಹುದಿತ್ತು. ಬರೀ ಅಂಗಿ ಎಂದು ದರ ಒಪ್ಪಿಸಿ, ಆಮೇಲೆ ಲೈನಿಂಗು, ಎರಡು ಜೇಬು, ಕಾಲರು ಎಲ್ಲ ಪುಕ್ಕಟೆ ಸೇರಿಸು ಎನ್ನುವ ಗಿರಾಕಿಗಳ ಮೇಲಿನ ಸಿಟ್ಟಿಗೆ ಅವಳೇ ಬ್ರಷ್ಷು ಹಿಡಿದು ಬರೆದ ಅಕ್ಷರಗಳು ಅವು. ಅಂಥವರನ್ನು ಅವಳು ಎಷ್ಟು ಶಪಿಸಿದ್ದಳು. ಈಗ ತನ್ನ ಮೇಲೆ ತನಗೇ ಅಸಹ್ಯವಾಯಿತು. ಟೈಲರಮ್ಮ ಎದ್ದು ಮತ್ತೆ ಆಫೀಸಿಗೆ ಫೋನು ಹಚ್ಚಿದಳು.

"ಆ ಬಾಕಿ ನಾನೇ ಕೊಡ್ತೀನಿ. ಮೇಸ್ತ್ರಿ ಫೋನ್ ಮಾಡೋಕೆ ಹೊರಟಾಗ ಬೇಡ ಅಂದವಳು ನಾನು. ಅವರ ಕೂಲಿ ಮುಟ್ಬೇಡಿ."

"ಕೊಟ್ರೆ ಸಂತೋಷ ಮೇಡಂ. ಆದ್ರೆ ಅವರ ಫೈನು ಬೇರೆ ವಿಷಯ. ಕಂಪನಿ ರೂಲ್ಸು."

"ಅಂದ್ರೆ ನನ್ನ ಹತ್ರಾನೂ ತಗೋತೀರಿ, ಅವ್ರ ಹತ್ರಾನೂ ಕೀಳ್ತೀರಿ?"

"ಮೇಡಂ, ಹಾಗಲ್ಲ…"

"ಮತ್ತೆ ಹೇಗೆ? ವಿಡಿಯೋಲಿ ಬಾಗಿಲಿಗೆ ಬೆಡ್‌ಶೀಟು ತೂಗಾಡ್ತಿತ್ತು. ಕುರುಡರಿಗೂ ಕಾಣೋ ಹಾಗಿತ್ತು. ಅದರ ಹಿಂದೆ ಏನಿದೆ ಅಂತ ಯಾಕೆ ಕೇಳ್ಲಿಲ್ಲ ನೀವು?"

ಆ ಕಡೆಯ ಮನುಷ್ಯ ಸಣ್ಣಗೆ ನಕ್ಕ. "ಎಲ್ಲ ಗಿರಾಕಿಗಳೂ ಏನಾದ್ರೂ ಒಂದು ಬಚ್ಚಿಡ್ತಾರೆ ಮೇಡಂ. ನಿಜವಾದ ಖರ್ಚು ಹೇಳಿದ್ರೆ ನೀವು ನಮ್ಮ ಹತ್ರ ಬರ್ತಿದ್ರಾ? ನಿಮಗೂ ಗೊತ್ತು, ನಮಗೂ ಗೊತ್ತು."

ಕಪಾಳಕ್ಕೆ ಹೊಡೆದಂತಾಯಿತು. ಈ ಬಾಯಿಬಡುಕ ಅವಳನ್ನು ತನ್ನ ಮೋಸದ ಜೊತೆಗಾರ್ತಿ ಎಂದುಕೊಂಡಿದ್ದ. ಇನ್ನೂ ಹೆಚ್ಚು ಉರಿದದ್ದು ಅವನು ಅಂದುಕೊಂಡದ್ದರಲ್ಲಿ ಸುಳ್ಳಿರಲಿಲ್ಲ ಎಂಬುದಕ್ಕೆ.

"ಸಾಮಾನಿನ ಚೀಟಿ ಮೇಲೆ ಬರೆದು ಸಹಿ ಮಾಡಿ ಕಳಿಸ್ತೀನಿ," ಅಂದಳು. "ಅಷ್ಟಾದ್ಮೇಲೂ ಅವರಿಬ್ರ ಕೂಲಿಗೆ ಕೈ ಹಾಕಿದ್ರೆ ನಿಮ್ಮ ಆಫೀಸಿನ ಬಾಗಿಲಿಗೆ ಬಂದು ಕೂರ್ತೀನಿ. ನನ್ನ ಬಾಯಿ ಎಂಥದ್ದು ಅಂತ ಇವತ್ತು ಕೇಳಿದ್ದೀರಲ್ಲ."

ಫೋನಿಟ್ಟು, ಬರಬೇಕಿದ್ದ ಇನ್ನಿಬ್ಬರ ಕೂಲಿಯನ್ನು ಪರ್ಸಿನಿಂದ ತೆಗೆದು ಮೇಸ್ತ್ರಿಯ ಕೈಗೆ ಕೊಟ್ಟಳು. ನಾಲ್ಕು ಜನರ ಕೆಲಸ ಮಾಡಿದವನು ಅವನು, ಬೇಡ ಅನ್ನಲಿಲ್ಲ, ತಗೊಂಡು ಜೇಬಿಗಿಟ್ಟ. ಆಮೇಲೆ ಚೀಟಿಯ ಹಿಂಬದಿಯಲ್ಲಿ ಅವಳು ನಾಲ್ಕು ಸಾಲು ಬರೆದಳು.

"ನಿನಗೇನಾದ್ರೂ ತಲೆ ಕೆಟ್ಟಿದ್ಯಾ ಅಕ್ಕ?" ತಂಗಿ ಮೊಣಕೈಯಿಂದ ತಿವಿದಳು. "ಬರೆದುಕೊಟ್ರೆ ನಾಳೆ ನಿನ್ನ ತಲೆಗೇ ಬರುತ್ತೆ."

"ಬರಲಿ. ನನ್ನ ತಲೆದೇ ಅದು."

ಮೇಸ್ತ್ರಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ನನಗೆ ಓದೋಕೆ ಬರಲ್ಲ ತಾಯಿ. ನಾನೂ ಹೆಬ್ಬೆಟ್ಟು ಒತ್ಬೇಕಲ್ಲ ಇದಕ್ಕೆ. ಬೆಳಗ್ಗೆ ಒಂದ್ಸಲ ಬರೀ ಮಾತು ನಂಬಿದೆ. ಏನು ಬರೆದಿದ್ದೀರಿ, ಅಳಿಯ ಬೇಡ, ನೀವೇ ಓದಿ ಹೇಳಿ."

ಬರೆಯುವುದು ಸುಲಭವಿತ್ತು. ಅಷ್ಟರಲ್ಲಿ ಹೊಸ ಮನೆಯ ಮಾಲೀಕರು ಗೇಟಿನ ಹತ್ತಿರ ಬಂದು ನಿಂತಿದ್ದರು. ಎದುರಂಗಡಿಯ ಇಬ್ಬರು, ನಾಳೆ ಗಿರಾಕಿಗಳಾಗಬೇಕಾದವರು, ಗಲಾಟೆ ಏನೆಂದು ಕತ್ತು ಚಾಚಿದ್ದರು. ಟೈಲರಮ್ಮ ಟೇಪಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು ಓದಿದಳು.

"ಮೂರನೇ ಮಹಡಿಯನ್ನು ಮೊದಲನೇದು ಅಂತ ಹೇಳಿದವಳು ನಾನು. ಕೋಣೆ ಮುಚ್ಚಿ ವಿಡಿಯೋ ಕಳಿಸಿದವಳು ನಾನು. ಆ ಕೋಣೆಯ ನಾಲ್ಕು ಮಷೀನಿನ ವಿಷಯ ಆಫೀಸಿಗೆ ಹೇಳಿದ್ದೀನಿ ಅಂತ ಮೇಸ್ತ್ರಿಗೆ ಸುಳ್ಳು ಹೇಳಿದೆ. ಇದರಲ್ಲಿ ಅವರ ತಪ್ಪು ಏನೂ ಇಲ್ಲ."

ತಂಗಿ ನೆಲ ನೋಡುತ್ತಿದ್ದಳು. ಮೇಸ್ತ್ರಿ ಕಣ್ಣು ಮುಚ್ಚಿ ಕೇಳುತ್ತಿದ್ದವನು ತಲೆಯಾಡಿಸಿದ, ಆಮೇಲೆ ತಡೆದ.

"ಬರೆದಿದ್ರಲ್ಲಿ ಮಷೀನು ಬಂತು. ಆ ಮೇಜು ಬರ್ಲಿಲ್ಲವಲ್ಲ ತಾಯಿ. ಎಲ್ಲಕ್ಕಿಂತ ಭಾರ ಅದೇ ಇತ್ತು."

ಟೈಲರಮ್ಮ ಅಳಿಯನ ಕೈ ನೋಡಿದಳು. ಪೆನ್ನಿನ ಕ್ಯಾಪು ಮತ್ತೆ ತೆಗೆದು, ನಾಲ್ಕು ಮಷೀನಿನ ಪಕ್ಕದಲ್ಲಿ ಮೇಜನ್ನೂ ಬರೆದಳು.