ಟವಲಿನ ಕೆಳಗಿನ ಸಂಬಳ

ಹೊಸ ಕಡಲೆಕಾಯಿ ಬರುವ ದಿನಗಳಲ್ಲಿ ಶಿರಾದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, ಮಣ್ಣು ಮೆತ್ತಿದ ಕಾಯಿಯ ಹಸಿ ವಾಸನೆಗೆ ಲಕ್ಕಮ್ಮನಿಗೆ ಅಪ್ಪನ ನೆನಪಾಗುತ್ತದೆ. ಈಗ ಮಂಡಿಯ ಗೋಡೌನು, ಲಾರಿಗಳು ಎಲ್ಲ ಅವಳ ಉಸ್ತುವಾರಿಯಲ್ಲಿವೆ. ಎಪ್ಪತ್ತೆಂಟನೇ ಇಸವಿಯಲ್ಲಿ ಇದೇ ಮಂಡಿಯ ಹೊಸ್ತಿಲಲ್ಲಿ, ಅಪ್ಪ ಚಿಕ್ಕರಂಗಯ್ಯನ ಬೆನ್ನ ಹಿಂದೆ, ಬಿ.ಕಾಂ. ಮಾರ್ಕ್ಸ್ ಕಾರ್ಡನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ಸಾಹುಕಾರ್ ನಂದೀಶ್ವರಯ್ಯನವರಿಗೆ ಓದಿದವರೊಬ್ಬರು ಬೇಕಾಗಿತ್ತು. ಆಂಧ್ರ ಗಡಿಯ ಹಳ್ಳಿಗಳಿಂದ ಬಂದ ಕಾಯಿಯನ್ನು ದಾಸ್ತಾನು ಮಾಡಿಸಿ, ಲಾರಿ ಗೊತ್ತುಮಾಡಿ, ಪುಣೆಯ ಎಣ್ಣೆ ಗಿರಣಿಗೆ ಹೇಳಿದ ದಿನಕ್ಕೆ ಮುಟ್ಟಿಸುವ ಕೆಲಸ. ಅವರು ಲಕ್ಕಮ್ಮನಿಗೆ ಒಂದೆರಡು ಬಾಯಿಲೆಕ್ಕ ಕೊಟ್ಟರು, ತೆಲುಗು ಬರುತ್ತದೆಯೇ ಎಂದರು. ಅವ್ವನ ತವರು ಪಾವಗಡದ ಕಡೆ, ಬರುತ್ತದೆ ಎಂದಳು. ತಲೆದೂಗಿದವರು ಮರುಕ್ಷಣ ಅವಳನ್ನು ಮರೆತವರಂತೆ ಅಪ್ಪನ ಕಡೆ ತಿರುಗಿದರು.

"ಬಾ ಚಿಕ್ಕರಂಗಯ್ಯ, ಸಂಬಳ ಕುದುರ್ಸಾನ."

ಹೆಗಲ ಟವಲು ತೆಗೆದು ಬಲಗೈ ಮೇಲೆ ಹರವಿದರು. ಮಂಡಿಯಲ್ಲಿ ಕಾಯಿಯ ದರ ಗೊತ್ತಾಗುತ್ತಿದ್ದುದೇ ಹಾಗೆ. ಟವಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಿದ್ದರು, ಎಷ್ಟು ಬೆರಳು ಹಿಡಿದರೋ ಅಷ್ಟು ದರ. ಮಾತಿಲ್ಲ, ಪಕ್ಕದವರಿಗೂ ತಿಳಿಯದು. ಗುಮಾಸ್ತರ ಸಂಬಳವೂ ಅಷ್ಟೇ.

ಅಪ್ಪನ ಕೈ ಟವಲಿನೊಳಗೆ ಹೋಯಿತು. ಲಕ್ಕಮ್ಮನಿಗೆ ಕಂದು ಎತ್ತು ಮಾರಿದ ದಿನ ಕಣ್ಣಿಗೆ ಕಟ್ಟಿತು. ಅಂದೂ ಅಪ್ಪ ಹೀಗೇ ಟವಲಿನೊಳಗೆ ಕೈಯಿಟ್ಟು ನೆಲ ನೋಡುತ್ತ ನಿಂತಿದ್ದ. ಬದನೆಕಾಯಿಯವಳ ಹತ್ತಿರವೂ ಚೌಕಾಸಿ ಮಾಡದ ಮನುಷ್ಯ. ಕೊಟ್ಟಷ್ಟಕ್ಕೆ ಹೂಂ ಎಂದುಬಿಡುತ್ತಾನೆ. ಮೊದಲು ಬಿದ್ದ ಸಂಬಳದ ಮೇಲೆಯೇ ಮುಂದಿನದೆಲ್ಲ ನಿಲ್ಲುವುದು. ತುಮಕೂರಿನ ಹಾಸ್ಟೆಲಿನ ಅಷ್ಟು ವರ್ಷದ ಓದು ಆ ಬಟ್ಟೆಯ ಕೆಳಗೆ ಮುದುಡಿ ಹೋಗುತ್ತಿದೆ ಅನ್ನಿಸಿತು.

"ಅಪ್ಪಾ, ಕೈ ತಗಿ."

ಚೀಲ ಹೊರುತ್ತಿದ್ದವರು ನಿಂತರು.

"ಕೆಲ್ಸ ಮಾಡೋಳು ನಾನು ಸಾವ್ಕಾರ್ರೇ. ನನ್ನನ್ನೇ ಕೇಳಿ."

"ನಿನ್ ಕೈ ಹಿಡಿಯಕ್ಕಾಯ್ತದೇನಮ್ಮ?" ನಂದೀಶ್ವರಯ್ಯ ನಕ್ಕರು.

"ಬಾಯಿ ಐತಲ್ಲ, ಬಾಯಲ್ಲೇ ಹೇಳಿ."

"ಲೇ, ಸಾವ್ಕಾರ್ರಿಗೆ ಸರಿಯಾದೋಳೇ ಸಿಕ್ಕವ್ಳೆ ಕಣ್ಲಾ!" ಎಂದ ಹಮಾಲಿ ಓಬಯ್ಯ.

ನಂದೀಶ್ವರಯ್ಯ ಗಂಟಲು ಸರಿಮಾಡಿಕೊಂಡರು. "ಓದಿದೀಯ, ತೆಲುಗು ಬತ್ತದೆ, ಒಪ್ಪಿದೆ. ಆದ್ರೆ ಗಂಡುಡುಗ್ರಂಗೆ ಲಾರಿ ಜೊತೆ ಪುಣೆಗೆ ಹೋಗ್ತೀಯ? ಅದಕ್ಕೂ ಸಂಬಳದಾಗೆ ಬೆಲೆ ಐತೆ."

"ಯಾರೂ ಲಾರಿ ಹಿಂದೆ ಓಡ್ದಂಗೆ ಮಾಡಾಕಲ್ವಾ ನೀವು ಓದ್ದೋರ್ನ ಹುಡುಕ್ತಿರಾದು?" ಲಕ್ಕಮ್ಮ ಕನಸಿನಲ್ಲೂ ಜೋರಾಗಿ ಹೇಳಿರದಿದ್ದ ಮೊತ್ತವನ್ನು ಹೇಳಿದಳು. "ಇನ್ನೂರೈವತ್ತು."

ಸಾಹುಕಾರರು ಅಪ್ಪನ ಮುಖ ನೋಡಿದರು. ನಗು ತಡೆದವರಂತೆ ಅವರ ಮೀಸೆ ಅಲುಗಿತು. "ಆಗ್ಲಿ! ಸೋಮವಾರದಿಂದ ಬಾ."

ಇಷ್ಟು ಬೇಗ ಒಪ್ಪಿದರಲ್ಲ ಎಂದು ಲಕ್ಕಮ್ಮನಿಗೇ ಸೋಜಿಗ. ಮನೆಗೆ ಮರಳುವ ಮಧುಗಿರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಳಗೊಳಗೇ ಹಿಗ್ಗುತ್ತಿದ್ದಳು. ಶಿರಾ ದಾಟಿದ ಮೇಲೆ ಅಪ್ಪ ಮೆಲ್ಲಗೆ ಕೆಮ್ಮಿದ.

"ನಾನು ಮೂರು ಬೆರಳು ಬಿಗಿಯಾಗಿ ಹಿಡ್ಕಂಡಿದ್ದೆ ಕಣಮ್ಮ. ಮುನ್ನೂರು ಅಂತ. ಅವ್ರು ಆಗ್ಲೇ ಇನ್ನೂರ ಎಪ್ಪತ್ತೈದಕ್ಕೆ ಬಂದಿದ್ರು."

ಲಕ್ಕಮ್ಮನ ಕೆನ್ನೆ ಬಿಸಿಯಾಯಿತು. ಅಪ್ಪನಿಗೆ ಚೌಕಾಸಿ ಬರುತ್ತದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ತನಗಾಗಿ ಬದನೆಕಾಯಿ ಕೊಳ್ಳುವಾಗ ಅವನು ಕೇಳುತ್ತಿರಲಿಲ್ಲ, ಮಗಳಿಗಾಗಿ ಕೇಳಿದ್ದ.

"ನೀನು ಆಗ್ಲೇ ಹೇಳ್ಬಾರ್ದಾಗಿತ್ತಾ ಅಪ್ಪಾ?"

"ಅಷ್ಟು ಜನ್ರ ಮುಂದೆ ನೀನು ಬಾಯ್ಬುಟ್ಟು ಕೇಳ್ದೆ. ಅದ್ರ ಮೇಲೆ ನಾನೇನು ಕೇಳ್ಲಿ? ಹೋಗ್ಲಿ ಬುಡು, ಮುಂದಿನ ವರ್ಷ ನೀನೇ ಕೇಳ್ಕಂತೀಯ." ಅಪ್ಪ ನಕ್ಕ. ಆಮೇಲೆ ಹೆಗಲ ಟವಲು ತೆಗೆದು ತನ್ನ ಕೈ ಮೇಲೆ ಹೊದಿಸಿ ಅವಳ ಮುಂದೆ ಚಾಚಿದ.

"ಹಿಡ್ಕ. ನೂರು ಹೆಂಗೆ, ಇಪ್ಪತ್ತೈದು ಹೆಂಗೆ ಅಂತ ಕಲ್ತಿರು."

ಬೆವರು ವಾಸನೆಯ ಬಟ್ಟೆಯೊಳಗೆ ಅಪ್ಪನ ಒರಟು ಬೆರಳುಗಳು ಸಿಕ್ಕವು. ಮಧುಗಿರಿ ಬರುವವರೆಗೂ ಅವಳು ಬಿಡಲಿಲ್ಲ.