ಅರ್ಧಸೀರಿಯವರ ಮನೆ

ರತ್ನವ್ವ ಗೋಡೆಗೆ ಆನಿಸಿ ಕೂರಿಸಿದ್ದ ಗಂಡ ಮುತ್ತಪ್ಪನ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ಬೆನ್ನ ಹಿಂದೆ ಆಗಲೇ ಅಡ್ಡಹೆಸರಿನ ಜಗಳ ಶುರುವಾಗಿತ್ತು.

"ನಮ್ಮ ಮುತ್ಯಾನ ಮುತ್ಯಾ ಅರ್ಧ ದಿನದಾಗ ಒಂದ ಸೀರಿ ನೇಯ್ತಿದ್ದ. ಅದಕ್ಕ ನಾವು ಅರ್ಧಸೀರಿಯವರು," ಎಂದ ಮೈದುನ ಶಿವಪುತ್ರ.

"ಸುಳ್ಳ ಬಿಡೋ. ಅಂವಗ ಇಬ್ಬರು ಹೆಂಡ್ರು, ಒಂದ ಸೀರಿ ಹರದು ಹಂಚಿದ್ನಂತ. ಮುತ್ತಪ್ಪನ ನನಗ ಹೇಳ್ಯಾನ," ಎಂದ ಪಕ್ಕದ ಮನೆಯ ಇಬ್ರಾಹಿಂಸಾಬ.

ಇಳಕಲ್ಲಿನಲ್ಲಿ ಆ ಹೆಸರಿನ ಮನೆ ಇದೊಂದೇ. ಹೆಸರು ಎಲ್ಲಿಂದ ಬಂತೆಂದು ಹುಡುಕುತ್ತ ಮುತ್ತಪ್ಪ ಮಗ್ಗ ಬಿಟ್ಟು ಅಲೆದದ್ದು ಅಷ್ಟಿಷ್ಟಲ್ಲ. ಮಹಾಕೂಟದ ಅರ್ಚಕರನ್ನೂ ಬಿಡಲಿಲ್ಲ, ಹುನಗುಂದದ ಕಚೇರಿಯವರನ್ನೂ ಬಿಡಲಿಲ್ಲ. ಸಿಕ್ಕಿದವರಿಗೆಲ್ಲ ಒಂದೊಂದು ಕತೆ ಹೇಳಿ ಬಂದ. ಸತ್ತ ಮೇಲಾದರೂ ಈ ಪೀಡೆ ತೊಲಗಬಾರದೇ ಎಂದು ರತ್ನವ್ವನ ಮೈ ಉರಿಯಿತು.

*

ಮದುವೆಯಾದ ವರ್ಷವೇ ಅವಳು ಕೇಳಿದ್ದಳು, "ಊರ ಮಂದಿಗೆಲ್ಲಾ ನೇಯ್ತೀರಿ. ನನಗೊಂದು?"

"ನೇಯ್ತೇನಿ ತಡಿ. ಮೊದಲ ಈ ಹೆಸರಿಂದು ಗೊತ್ತಾಗ್ಲಿ."

ನೇಕಾರನ ಹೆಂಡತಿ ಅಂಗಡಿಯ ಸೀರೆ ಉಟ್ಟೇ ಮುದುಕಿಯಾದಳು. ಹೋದ ತಿಂಗಳು ಅದೇನು ಬುದ್ಧಿ ಬಂತೋ, ಮಗ್ಗಕ್ಕೆ ಕೆಂಪಂಚಿನ ಹಾಸುನೂಲು ಹೂಡಿ, "ಇದು ನಿನಗ" ಎಂದ. ಅರ್ಧ ನೇಯ್ದ. ಅಷ್ಟರಲ್ಲಿ ಯಾವನೋ ಹಳೆ ಕಾಗದ ಸಿಕ್ಕಿದೆ ಎಂದನಂತೆ, ನಿನ್ನೆ ಮುಂಜಾನೆ ಹುನಗುಂದಕ್ಕೆ ಓಡಿದ. ಬಸ್ಸಿನಲ್ಲೇ ಎದೆ ಹಿಡಿದುಕೊಂಡ.

*

"ಉಳಿದದ್ದು ನಾ ನೇಯ್ದ ಕೊಡ್ತೇನಿ, ವೈನಿ," ಎಂದ ಶಿವಪುತ್ರ.

"ಬ್ಯಾಡ. ಕತ್ತರಿ ತಾ."

ಸುತ್ತ ಕೂತಿದ್ದ ಹೆಂಗಸರೆಲ್ಲ ಬಾಯಿ ಮೇಲೆ ಕೈಯಿಟ್ಟರು. ಮುಗಿಯದ ಸೀರೆಗೆ ನೇಕಾರರ ಮನೆಯಲ್ಲಿ ಯಾರೂ ಕತ್ತರಿ ಹಾಕುವುದಿಲ್ಲ.

"ಅಪಶಕುನ, ವೈನಿ!"

"ಇದಕ್ಕಿಂತ ದೊಡ್ಡದು ಇನ್ನೇನ ಆಗೂದೈತಿ?"

ಅವಳೇ ಮಗ್ಗಕ್ಕೆ ಹೋಗಿ ಹಾಸನ್ನು ಕರಕರ ಕತ್ತರಿಸಿದಳು. ತುಂಡನ್ನು ಎತ್ತಿ ತಂದು ಗಂಡನ ಮುಂದೆ ನಿಂತಾಗ ಅವಳ ಕಣ್ಣು ಮೊದಲ ಸಲ ತುಂಬಿತು.

"ಊರಿಗೆಲ್ಲಾ ಕತಿ ಹಂಚಿದಿ. ನನಗ ಕೊಟ್ಟಿದ್ದು ಇಷ್ಟ."

ಒಂದು ತುದಿಯನ್ನು ಅವನ ಹೆಗಲಿಗೆ ಹೊದಿಸಿದಳು. ಇನ್ನೊಂದನ್ನು ತಲೆಯ ಮೇಲೆ ಹೊದ್ದು, ಅವನ ಮಗ್ಗುಲಲ್ಲೇ ಕುಳಿತಳು.

ಹೊರಗೆ ಭಜನೆಯವರು ಬಂದು ನಿಂತರು. ಅಣ್ಣನ ಹೆಣ ಎತ್ತಲು ಬಂದ ಶಿವಪುತ್ರ ಹೊಸ್ತಿಲಲ್ಲೇ ತಡೆದು ನಿಂತ. ಕತ್ತರಿಸಿದ ಕೆಂಪು ಎಳೆಗಳು ರತ್ನವ್ವನ ಹಣೆಯ ಮೇಲೆ ಜೋತುಬಿದ್ದಿದ್ದವು.