ಪಿಕಪ್ಪು ಕುಡಿಯಲು ಕಲಿತದ್ದು

ಹಾಸಿಗೆಯಕ್ಕನ ಮೂಗೆಂದರೆ ಬೀದಿಯವರಿಗೆಲ್ಲ ಭಯಭಕ್ತಿ. ಹಳೆ ಹತ್ತಿಯನ್ನು ಹೊಸದೆಂದು ತಲೆಗೆ ಕಟ್ಟಲು ಬಂದ ವ್ಯಾಪಾರಿಯನ್ನು ಅವಳು ಮೂಟೆ ಬಿಚ್ಚದೆಯೇ ಹಿಡಿದುಹಾಕುತ್ತಿದ್ದಳು. ಆದರೆ ಆ ಮೂಗಿನ ಅಸಲಿ ಕೆಲಸವಿದ್ದದ್ದು ಸಂಜೆ, ಮನೆಯ ಬಾಗಿಲಲ್ಲಿ. ಅವಳು ಹೊಲಿದ ಹಾಸಿಗೆಗಳನ್ನು ಪಿಕಪ್ಪಿನಲ್ಲಿ ಗಿರಾಕಿಗಳಿಗೆ ಮುಟ್ಟಿಸಿ ಗಂಡ ಮನೆಗೆ ಬಂದ ಕೂಡಲೇ, ಊಟದ ಚೀಲ ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ಸರಿದು ಒಂದು ಉಸಿರು ಎಳೆದುಕೊಳ್ಳುವಳು. ಬೆವರು, ಧೂಳು, ಪೆಟ್ರೋಲು. ಅಷ್ಟೇ ಇದ್ದರೆ ಹೋದ ಜೀವ ಬಂದಂತಾಗುತ್ತಿತ್ತು.

ಅವನು ಕುಡಿತ ಬಿಟ್ಟು ಏಳೆಂಟು ವರ್ಷವಾಗಿತ್ತು. ಬಿಡುವ ಮುಂಚೆ ಮಾಡಿದ ಘನಕಾರ್ಯ ಒಂದೆರಡಲ್ಲ. ಒಮ್ಮೆ ಗಿರಾಕಿಗೆ ಒಯ್ಯಬೇಕಿದ್ದ ಹಾಸಿಗೆಯನ್ನು ರಸ್ತೆ ಬದಿ ಹಾಸಿಕೊಂಡು, ಅದರ ಮೇಲೆಯೇ ಬೆಳಗು ಮಾಡಿದ್ದ. ಈಗ ಬೀದಿಯವರು ಅದನ್ನು ನೆನೆದು ನಗುತ್ತಾರೆ. ಅವಳಿಗೆ ಇವತ್ತಿಗೂ ನಗು ಬರುವುದಿಲ್ಲ. ತಾನು ಮೂಸುವುದು ಗಂಡನಿಗೆ ಗೊತ್ತೇ ಇಲ್ಲವೆಂದು ಅವಳು ನಂಬಿದ್ದಳು. ಬೇರೆ ವಿಷಯಗಳಲ್ಲಿ ಬಹಳ ಜಾಣೆ.

ಇಂಥ ಮನೆಯೊಳಕ್ಕೆ ಎಥನಾಲನ್ನು ತಂದವನು ಅವಳ ಒಡಹುಟ್ಟಿದ ತಮ್ಮ. ಕೈಗಿಂತ ಬಾಯಿ ಚುರುಕಾದ ಮೆಕ್ಯಾನಿಕ್ಕು. ಊರಾಚೆಯ ಕಾರ್ಖಾನೆಯಲ್ಲಿ ಎಥನಾಲ್ ಅಗ್ಗಕ್ಕೆ ಸಿಗುತ್ತದೆ, ಪಿಕಪ್ಪನ್ನು ಅದಕ್ಕೆ ಒಗ್ಗಿಸಿಕೊಡುತ್ತೇನೆ ಎಂದು ಭಾವನ ತಲೆಯಲ್ಲಿ ಹುಳ ಬಿಟ್ಟ.

“ಎಥನಾಲ್ ಅಂದ್ರೆ ಸ್ಪಿರಿಟ್ಟೇ ತಾನೆ?” ಎಂದಳು ಅಕ್ಕ.

“ಹೂಂ ಅಕ್ಕ. ಭಾವ ಬಿಟ್ಟಿದ್ದನ್ನ ಗಾಡಿಗೆ ಕಲಿಸ್ತೀನಿ. ಮನೇಲಿ ಯಾರಾದ್ರೂ ಒಬ್ರು ಕುಡೀಲಿ ಬಿಡು!”

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕ ನಗಲಿಲ್ಲ. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕು, ಹೇಳಿದರೆ ಬಾಗಿಲಿನ ಗುಟ್ಟು ರಟ್ಟಾಗುತ್ತದೆ. ಹೊಲಿಗೆ ಮುಂದುವರಿಸಿದಳು.

ತಮ್ಮ ವಾರವಿಡೀ ಗಾಡಿಯ ಅಡಿಯಲ್ಲಿ ಮಲಗಿದ. ಎಥನಾಲ್ ಹೆಚ್ಚು ಹರಿಯಬೇಕೆಂದು ಕಾರ್ಬುರೇಟರಿನ ಜೆಟ್ಟುಗಳ ತೂತು ದೊಡ್ಡದು ಮಾಡಿದ. ಹಳೆ ರಬ್ಬರ್ ಪೈಪುಗಳು ಸ್ಪಿರಿಟ್ಟಿಗೆ ಮೆತ್ತಗಾಗುತ್ತವೆಂದು ಕಿತ್ತು ಬೇರೆ ಹಾಕಿದ. ಕಿಡಿ ಕೊಂಚ ಮುಂಚೆಯೇ ಹಾರುವಂತೆ ಟೈಮಿಂಗ್ ತಿರುಗಿಸಿದ. ಚಳಿಯ ಬೆಳಗ್ಗೆ ಎಂಜಿನ್ನು ಮೊಂಡು ಹಿಡಿದರೆ ಇರಲಿ ಎಂದು ಪೆಟ್ರೋಲಿನ ಪುಟ್ಟ ಡಬ್ಬಿಯೊಂದನ್ನೂ ಕೂರಿಸಿದ.

“ಟ್ಯಾಂಕ್ ಇಳಿಸಿ ತೊಳೀಬೇಕು ಭಾವ. ಒಳಗಿರೋ ಹಳೇ ಕೊಳೆನೆಲ್ಲ ಎಥನಾಲ್ ಎಬ್ಬಿಸಿಬಿಡುತ್ತೆ, ಫಿಲ್ಟರ್ ಕಟ್ಕೊಳುತ್ತೆ.”

“ನನ್ನ ಟ್ಯಾಂಕು ನಂಗೊತ್ತಿಲ್ವೇನೋ? ಕನ್ನಡಿ ಇದ್ದಂಗಿದೆ!” ಎಂದ ಭಾವ. ಆ ಕನ್ನಡಿಯೊಳಗೆ ಅವನು ಒಮ್ಮೆಯೂ ಇಣುಕಿರಲಿಲ್ಲ.

ಗಾಡಿ ಓಡಿತು, ಚೆನ್ನಾಗಿಯೇ ಓಡಿತು. ಮೊದಲ ಸಂಜೆ ಅವಳು ಬಾಗಿಲಲ್ಲಿ ಉಸಿರೆಳೆದುಕೊಂಡಳು. ಬೆವರು, ಧೂಳು, ಸ್ಪಿರಿಟ್ಟು. ಅಂಗಿಯಲ್ಲೂ ಅದೇ, ಅಂಗೈಯಲ್ಲೂ ಅದೇ, ಊಟದ ಚೀಲದಲ್ಲೂ ಅದೇ. ಇಷ್ಟು ವರ್ಷ ನೆಚ್ಚಿಕೊಂಡಿದ್ದ ಮೂಗು ಕೈಕೊಟ್ಟಿತು.

ಅವಳು ಸುಮ್ಮನೆ ಕೂರುವವಳಲ್ಲ. “ಕಣ್ಣು ಮಂಜಾಗ್ತಿದೆ ರೀ, ಇದಕ್ಕೆ ದಾರ ಪೋಣಿಸಿಕೊಡಿ” ಎಂದು ದಿನಾ ಸಂಜೆ ಸೂಜಿ ಚಾಚತೊಡಗಿದಳು. ಕುಡಿದ ಕೈ ನಡುಗದೇ ಇರುತ್ತದೆಯೇ? ಅವನು ದೀಪದ ಕೆಳಗೆ ನಿಂತು ಒಂದೇ ಏಟಿಗೆ ಪೋಣಿಸಿಕೊಡುತ್ತಿದ್ದ. ಆಮೇಲೆ ಅವಳು ಅದೇ ಮಂಜುಗಣ್ಣಿನಲ್ಲಿ ಹತ್ತು ಸೂಜಿ ಪೋಣಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಹೊತ್ತು ಮುಳುಗುವಾಗ ಗಾಡಿ ಬಿಕ್ಕಳಿಸುತ್ತಾ ಬಂದು ಗೇಟಿನ ಹೊರಗೇ ನಿಂತಿತು. ಅವನು ಇಳಿಯಲಿಲ್ಲ. ಅವಳು ಬಾಗಿಲಲ್ಲಿ ಸೂಜಿ ಹಿಡಿದು ಕಾದಳು. ಕೊನೆಗೆ ಅವಳೇ ಹೋದಳು. ಅವನು ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದ.

“ಹತ್ರ ಬರಬೇಡ ಕಣೇ.”

ಅವಳು ಹತ್ತಿರವೇ ಹೋದಳು. ಈ ಸಲ ವಾಸನೆ ಅಂಗಿಯದಲ್ಲ, ಬಾಯಿಯದು. ಅವಳಿಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಆ ಹಳೆಯ ವರ್ಷಗಳನ್ನು ಇನ್ನೊಮ್ಮೆ ಬಾಳುವ ಶಕ್ತಿ ತನಗಿಲ್ಲ ಎನ್ನಿಸಿತು.

“ಫಿಲ್ಟರ್ ಕಟ್ಕೊಂಡು ಗಾಡಿ ದಾರೀಲೇ ನಿಂತೋಯ್ತು” ಎಂದ. “ಟ್ಯಾಂಕ್ ಖಾಲಿ ಮಾಡೋಣ ಅಂತ ಪೈಪ್ ಹಾಕಿ ಬಾಯಲ್ಲಿ ಎಳೆದೆ. ಬಾಯ್ತುಂಬ ಬಂತು. ಉಗಿದೆ. ಎಷ್ಟು ಮುಕ್ಕಳಿಸಿದ್ರೂ ವಾಸನೆ ಹೋಗ್ತಿಲ್ಲ. ದಿನಾ ಬಾಗಿಲಲ್ಲಿ ಮೂಸ್ತೀಯಲ್ಲ, ಇವತ್ತೊಂದಿನ ಮೂಸಬೇಡ. ಕೇಳು.”

“ನಾನೆಲ್ಲಿ ಮೂಸ್ತೀನಿ?”

“ಏಳೆಂಟು ವರ್ಷದಿಂದ. ನಿಂಗೆ ಎಟುಕಲಿ ಅಂತ ನಾನೇ ಬಗ್ಗಿ ನಿಲ್ತೀನಿ.”

ಹೌದಲ್ಲ! ಅವಳಿಗಿಂತ ಒಂದು ತಲೆ ಎತ್ತರದ ಮನುಷ್ಯ. ಆದರೂ ಅವನ ಕತ್ತು ದಿನಾ ಸರಿಯಾಗಿ ಅವಳ ಮೂಗಿನ ಮಟ್ಟಕ್ಕೇ ಬರುತ್ತಿತ್ತು. ಚೀಲ ಕೊಡಲು ಬಗ್ಗುತ್ತಾನೆಂದು ಅವಳು ತಿಳಿದಿದ್ದಳು. ನಾಚಿಕೆಯಿಂದ ಮುಖ ಬಿಸಿಯಾಯಿತು. ಕೈಯಲ್ಲಿದ್ದ ಸೂಜಿಯನ್ನು ಗಾಡಿಯ ಸೀಟಿಗೆ ಚುಚ್ಚಿಟ್ಟು ಕೇಳಿದಳು:

“ಆಸೆ ಆಯ್ತಾ?”

ಅವನು ಸ್ಟೇರಿಂಗನ್ನೇ ನೋಡುತ್ತಾ ಕೂತ. “ಆಯ್ತು. ಯಾರೂ ಕುಡೀಬಾರ್ದು ಅಂತ ಅದಕ್ಕೆ ವಿಷ ಬೆರೆಸಿರ್ತಾರೆ, ಗೊತ್ತಿತ್ತು. ಆದ್ರೂ ಒಂದು ಗಳಿಗೆ ಆಯ್ತು.”

ಕುಡಿಯುತ್ತಿದ್ದ ಕಾಲದಲ್ಲಿ ಅವನು ಇಂಥ ಮಾತನ್ನು ಒಮ್ಮೆಯೂ ಆಡಿದವನಲ್ಲ. ‘ನಿನ್ನಾಣೆ ಇಲ್ಲ ಕಣೇ’ ಎನ್ನುತ್ತಲೇ ಹೊಸ್ತಿಲಲ್ಲಿ ಮುಗ್ಗರಿಸುತ್ತಿದ್ದವನು. ಅವಳಿಗೆ ಅಷ್ಟು ಸಾಕಾಯಿತು. ಕಣ್ಣೊರೆಸಿಕೊಂಡಳು.

“ಬನ್ನಿ, ಊಟ ಆರೋಗ್ತಿದೆ. ಅಂದ್ಹಾಗೆ ಖಾಲಿ ಟ್ಯಾಂಕಲ್ಲಿ ಹೆಂಗೆ ಬಂದ್ರಿ?”

“ತೆಗೆದಿದ್ದನ್ನ ಸೋಸಿ ಮತ್ತೆ ತುಂಬಿದೆ.”

“ಯಾತರಲ್ಲಿ ಸೋಸಿದ್ರಿ?”

ಅವನು ಮತ್ತೆ ಟವೆಲನ್ನು ಬಾಯಿಗೆ ಒತ್ತಿಕೊಂಡ. “ಹೊಸ ದಿಂಬಿನ ಚೀಲದಲ್ಲಿ.”

“ಕನ್ನಡಿ ಇದ್ದಂಗಿತ್ತಂತೆ ಟ್ಯಾಂಕು!” ಎಂದು ಅವಳು ಬೀದಿಗೆಲ್ಲ ಕೇಳುವಂತೆ ಅಂದಳು.

ಮರುದಿನ ತಮ್ಮ ಬಂದು ಟ್ಯಾಂಕ್ ಇಳಿಸಿ ತೊಳೆದ. ಭಾವ ಪಕ್ಕದಲ್ಲಿ ನೆನೆದ ಬೆಕ್ಕಿನಂತೆ ನಿಂತಿದ್ದ. ಅಕ್ಕ ಅಂಗಡಿಯಿಂದ ಕೈಪಂಪೊಂದನ್ನು ತಂದು ಗಾಡಿಯಲ್ಲಿ ನೇತುಹಾಕಿದಳು. “ಎಳೆಯೋಕೆ ಇದು. ಬಾಯಿ ಇರೋದು ಊಟಕ್ಕೆ.”

ಆ ಸಂಜೆ ಅವನು ಬಾಗಿಲಿಗೆ ಬಂದಾಗ ಅವಳು ದೂರದಿಂದಲೇ ಕೈ ಚಾಚಿ ಚೀಲ ತೆಗೆದುಕೊಂಡಳು.

“ಇವತ್ತು ಆಸೆ ಆಯ್ತಾ?”

“ಇವತ್ತಿಲ್ಲ.”

“ಸರಿ, ಒಳಗೆ ಬನ್ನಿ.”

ಅವನು ಬರಲಿಲ್ಲ. ಬಗ್ಗಿದವನು ಬಗ್ಗಿಯೇ ನಿಂತಿದ್ದ.

“ಇನ್ನೇನ್ರೀ?”

“ಅಭ್ಯಾಸ ಆಗೋಗಿದೆ ಕಣೇ.”

ಅವಳು ಬೀದಿಯ ಆಚೆ ಈಚೆ ನೋಡಿದಳು. ಆಮೇಲೆ ಹತ್ತಿರ ಸರಿದು ಅವನ ಕತ್ತಿನ ಬಳಿ ದೀರ್ಘವಾಗಿ ಒಂದು ಉಸಿರು ಎಳೆದುಕೊಂಡಳು. ಬೆವರು, ಧೂಳು, ಸ್ಪಿರಿಟ್ಟು. ಎಲ್ಲ ಸರಿಯಾಗಿತ್ತು.